ಖಾಲಿ ಸೀಸೆ ಕಾಣಬಾರದು

ಅಷ್ಟೂ ಅನಾಹುತಕ್ಕೆ ಕಾರಣ ಹೆಬ್ಬೆರಳಷ್ಟು ಉದ್ದದ ಒಂದು ಕಂದು ಸೀಸೆ.

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ನಿಧಾನಪ್ಪ ಎಂದು. ರೋಗದೊಡನೆ ಹೋರಾಡುವ ಜೀವಕೋಶಗಳು ಎಳೆಯವಾಗಿದ್ದಾಗ ಯಾವ ಕೆಲಸಕ್ಕೂ ಸೇರಿರುವುದಿಲ್ಲ. ಒಳಗೊಂದು ಪ್ರೋಟೀನು ಈ ಜೀನ್ ಏಳಲಿ, ಆ ಜೀನ್ ಮಲಗಲಿ ಎಂದು ಅಪ್ಪಣೆ ಕೊಟ್ಟ ಮೇಲೆಯೇ ಅವು ಟಿ-ಕೋಶಗಳಾಗುವುದು. ಆ ಯಜಮಾನ ಪ್ರೋಟೀನು ಇಂಥದೇ ಎಂದು ತೋರಿಸಲು ಹೊರಟು ನಿಧಾನಪ್ಪನ ತಲೆ ನರೆತಿತ್ತು, ಪಾಪ. ಯಜಮಾನನನ್ನು ಎಬ್ಬಿಸುವ ಮದ್ದು ಆ ಸೀಸೆಯಲ್ಲಿತ್ತು. ಒಂದು ತಟ್ಟೆಯ ಕೋಶಗಳಿಗೆ ಅದನ್ನು ಹಾಕಿ, ಹೋಲಿಸಿ ನೋಡಲು ಇನ್ನೊಂದನ್ನು ಹಾಗೇ ಬಿಟ್ಟಿದ್ದ. ಇಂದೂ ಕೈಕೊಟ್ಟರೆ ಪಿಎಚ್‌ಡಿ ಪ್ರಬಂಧವೂ ಇಲ್ಲ, ಎಲ್ಲೂ ಕೆಲಸವೂ ಇಲ್ಲ.

"ಈ ಸಲವಾದ್ರೂ ಮುಗಿಯುತ್ತೇನ್ರೀ?" ಎಂದಿದ್ದಳು ಬೆಳಿಗ್ಗೆ ಹೆಂಡತಿ.

"ಮುಗಿದ ಹಾಗೇ ಕಣೆ."

ಕೋಶ ಗುರುತಿಸುವ ಯಂತ್ರ ನೋಡಿದರೆ ಎರಡು ತಟ್ಟೆಗಳಲ್ಲೂ ಟಿ-ಕೋಶಗಳನ್ನೇ ತೋರಿಸಿತು. ಮಾರ್ಗದರ್ಶಕರು ಕನ್ನಡಕ ತೆಗೆದರು. "ಮದ್ದು ಹಾಕದೆ ಇರೋದೂ ಹೀಗೇ ಆಗಿದೆ ಅಂದ್ರೆ, ನಿನ್ನ ಪ್ರೋಟೀನಿಗೆ ಏನಯ್ಯಾ ಕೆಲಸ?"

ಆಗ ಪಕ್ಕದ ಮೇಜಿನ ಅಕ್ಕ ಸೆರಗು ಹಿಂಡುತ್ತಾ ಎದ್ದು ನಿಂತಳು. ಕೇಳದೆ ಉಪಕಾರ ಮಾಡುವುದು ಅವಳ ಹುಟ್ಟುಗುಣ.

"ಸರ್, ಇವನು ಒಂದು ತಟ್ಟೆ ಮರೆತಿದ್ದಾನೆ ಅಂದ್ಕೊಂಡೆ. ಅವತ್ತೇ ಅದೇ ಸೀಸೆಯಿಂದ ಅದಕ್ಕೂ ಹಾಕ್ಬಿಟ್ಟೆ. ತಪ್ಪಾಯ್ತು."

"ಅಯ್ಯೋ ಅಕ್ಕಾ, ನೀನು ದೇವರು!" ನಿಧಾನಪ್ಪ ಕುಣಿದೇಬಿಟ್ಟ. "ಎರಡಕ್ಕೂ ಮದ್ದು ಬಿದ್ದಿದೆ, ಎರಡೂ ಮಾತು ಕೇಳಿವೆ ಸರ್!"

ಮಾರ್ಗದರ್ಶಕರ ಮುಖವೂ ಸಡಿಲವಾಯಿತು. "ಸರಿ ಬಿಡು. ಹೋಲಿಕೆಗೆ ಇನ್ನೊಂದು ತಟ್ಟೆ ಬೆಳೆಸು. ಪ್ರಬಂಧಕ್ಕೆ ಸಹಿ ಹಾಕ್ತೀನಿ."

ನಿಧಾನಪ್ಪ ಆಗಲೇ ಸೀಸೆಗೆ ಕೈಹಾಕಿದ. ಅದು ಕುತ್ತಿಗೆಯವರೆಗೂ ತುಂಬಿತ್ತು. "ಅವತ್ತು ಗಡಿಬಿಡೀಲಿ ನೋಡಲೇ ಇಲ್ಲ. ಇದರಲ್ಲಿ ಇಷ್ಟೊಂದು ಇರಲಿಲ್ಲವಲ್ಲ?"

"ಹೇಗಿರುತ್ತೆ? ತುಂಬಿಸಿದವನು ನಾನು," ಎಂದರು ಮಾರ್ಗದರ್ಶಕರು, ಗೋಡೆಯ ಮೇಲೆ ತಾವೇ ಬರೆಸಿ ಹಾಕಿದ್ದ 'ಖಾಲಿ ಸೀಸೆ ಕಾಣಬಾರದು' ಎಂಬ ಹಲಗೆಯತ್ತ ಬೆರಳು ತೋರಿಸಿ. "ನೀನು ಪ್ರಯೋಗ ಶುರು ಮಾಡೋ ಹಿಂದಿನ ದಿನ ನೋಡಿದ್ರೆ ತಳ ಕಾಣ್ತಿತ್ತು. ಚೀಟಿ ಗೋಡೆ ಕಡೆ ತಿರುಗಿತ್ತು, ನೀರಿನ ಸೀಸೆ ಅಂದ್ಕೊಂಡೆ. ಚೆನ್ನಾಗಿ ತೊಳೆದು ಶುದ್ಧ ನೀರು ತುಂಬಿಸಿಟ್ಟೆ. ನಿಯಮ ಅಂದ್ರೆ ನಿಯಮ. ನಿಮ್ಮಲ್ಲಿ ಒಬ್ಬರಾದ್ರೂ..."

ನಿಧಾನಪ್ಪ ಸೀಸೆಯ ಚೀಟಿಯನ್ನು ಅವರ ಕಡೆ ತಿರುಗಿಸಿದ. ಅಕ್ಕ ತಲೆ ತಗ್ಗಿಸಿದಳು.

"ಅಂದ್ರೆ ಎರಡಕ್ಕೂ ಬಿದ್ದಿದ್ದು ಬರೀ ನೀರು. ಯಾರೂ ಎಬ್ಬಿಸದೆಯೇ ಆಗಿದೆ," ಎಂದರು ಮಾರ್ಗದರ್ಶಕರು ಮೆಲ್ಲಗೆ. "ಯಜಮಾನ ಇವನಲ್ಲಯ್ಯ. ಬೇರೆಯವನನ್ನ ಹುಡುಕು."

ನಿಧಾನಪ್ಪನ ಮೊಬೈಲು ಬಡಿದುಕೊಂಡಿತು. ಹೆಂಡತಿ. "ಆಯ್ತೇನ್ರೀ?"

"ಆಯ್ತು ಕಣೆ," ಎಂದ ನಿಧಾನಪ್ಪ. "ಯಾರ ಅಪ್ಪಣೇನೂ ಇಲ್ಲದೆ ಕೋಶಗಳೆಲ್ಲ ತಾವಾಗೇ ಬೆಳೆದು ಕೆಲಸಕ್ಕೆ ಸೇರ್ಕೊಂಡ್ವು. ಸೇರದೆ ಉಳಿದಿರೋನು ನಾನೊಬ್ಬನೇ."