ಗುಲ್ಚಿ ಅಲ್ಲ ಮಾವ, ಕ್ವಿಲ್ಶೇ

ನಮ್ಮ ಮಾವನ ಬಾಯಲ್ಲಿ ಮಾತು ಬರಿಸಿಯೇ ತೀರುತ್ತೇನೆಂದು ಪಣ ತೊಟ್ಟೆ. ತೊಡದೆ ಇರಲಾದೀತೇ? ನಾನು ರೈಲ್ವೆ ನಿಲ್ದಾಣದ ಅನೌನ್ಸರ್. ನಾನು ಬಾಯಿ ಬಿಟ್ಟರೆ ಊರಿಗೆ ಊರೇ ಹೆಗಲಿಗೆ ಚೀಲ ಏರಿಸಿ ಓಡುತ್ತದೆ. ಅಂಥ ನಾಲಿಗೆ ಮನೆಯಲ್ಲೇ ಇರುವಾಗ ಮಾವ ಮೂಕರಾಗಿ ಕೂತರೆ ಅವಮಾನ ಯಾರಿಗೆ?

ಮಾವ ದರ್ಜಿ. ಬಟ್ಟೆಗಿಂತ ಮಾತನ್ನೇ ಹೆಚ್ಚು ಹೊಲಿದವರು. ಪಾರ್ಶ್ವವಾಯು ಬಡಿದು ಚೇತರಿಸಿಕೊಳ್ಳುವಾಗ ಕಾಲು ಕೋಲು ಹಿಡಿದು ನಡೆಯಿತು, ಕೈ ಚಮಚ ಎತ್ತಿತು, ನಾಲಿಗೆ ಮಾತ್ರ ಮುಷ್ಕರ ಹೂಡಿತು. ಏನು ಕೇಳಿದರೂ ತಲೆಯಾಡಿಸುವುದು, ಇಲ್ಲವೇ ಗೋಡೆ ನೋಡುವುದು. ನನ್ನ ಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು.

"ಅವರಿಗೆ ತುಂಬಾ ಇಷ್ಟವಾದದ್ದರ ಹೆಸರು ಹೇಳಿಸಿ. ಹೇಗೆ ಹೇಳಿದರೂ ಸರಿ," ಎಂದರು ಮಾತಿನ ಚಿಕಿತ್ಸೆ ಕೊಡುವ ಮೇಡಂ.

ಇಷ್ಟವಾದದ್ದು ಯಾವುದೆಂದು ಮನೆಗೆಲ್ಲ ಗೊತ್ತಿತ್ತು. ಕೆಂಪು ಕಾಗದದ ಆ ಚಾಕೊಲೇಟ್. ಎಲ್ಲರೂ ತಿನ್ನುವ, ಯಾರಿಗೂ ಹೆಸರು ಹೇಳಲು ಬಾರದ ಚಾಕೊಲೇಟ್! ಅದರ ಸ್ಪೆಲ್ಲಿಂಗೋ, ಮೊದಲ ಅಕ್ಷರ ಬರೆಯುವುದಕ್ಕಷ್ಟೇ, ಕೊನೆಯ ಮೂರು ಅಂದಕ್ಕೆ, ನಡುವಿನವು ಒಂದರ ಕಾಲನ್ನೊಂದು ತುಳಿದುಕೊಂಡು ನಿಂತಿವೆ. ಹೆಂಡತಿ ಕುಲ್ಚಿ ಅನ್ನುತ್ತಾಳೆ. ಮಾವ ಹುಷಾರಾಗಿದ್ದಾಗ ಗುಲ್ಚಿ ಅನ್ನುತ್ತಿದ್ದರು. ಸರಿಯಾದ ಉಚ್ಚಾರ ಕ್ವಿಲ್ಶೇ ಎಂದು ಬಲ್ಲವನು ಮನೆಗೆ ನಾನೊಬ್ಬನೇ.

ಚಾಕೊಲೇಟನ್ನು ಮಾವನ ಮೂಗಿನ ಮುಂದೆ ಹಿಡಿದೆ. ಅದನ್ನು ನೋಡಿದರು, ನನ್ನನ್ನು ನೋಡಿದರು. ತುಟಿ ಅದುರಿತು.

"ಗು... ಗುಲ್..."

"ಗು ಅಲ್ಲ ಮಾವ, ಕ್ವಿ," ಎಂದುಬಿಟ್ಟೆ.

ಮಾವನ ಬಾಯಿ ಟಪ್ಪೆಂದು ಮುಚ್ಚಿಕೊಂಡಿತು. ಹೆಂಡತಿ ಸೌಟು ಹಿಡಿದೇ ಬಂದಳು.

"ಇಷ್ಟು ದಿನಕ್ಕೆ ಬಂದ ಮಾತನ್ನ ಬಾಗಿಲಲ್ಲೇ ನಿಲ್ಲಿಸಿ ಗುರುತಿನ ಚೀಟಿ ಕೇಳಿದ್ರಲ್ಲ ರೀ!"

"ಅಡಿಪಾಯ ಗಟ್ಟಿಯಾಗಿರಬೇಕು ಕಣೇ."

"ಅಪ್ಪ ಏನು ವಾರ್ತೆ ಓದಬೇಕಾ? ಮೊದಲು ಕೊಡಿ ಅದನ್ನ."

ಕೊಡಲಿಲ್ಲ. ಕನ್ನಡಿ ತಂದೆ. ಹೆಸರನ್ನು ತುಂಡು ತುಂಡು ಮಾಡಿ ಚೀಟಿಗಳಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ನಾನು ಕ್ವಿ ಎಂದು ತುಟಿ ಚೂಪು ಮಾಡಿದಾಗಲೆಲ್ಲ ಮಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಚಾಕೊಲೇಟ್ ನನ್ನ ಬೆರಳ ಬಿಸಿಗೆ ಕರಗಿ ಅಂಗಿಯ ತೋಳಿಗೆ ಇಳಿಯಿತೇ ಹೊರತು ಮಾತು ಹೊರಡಲಿಲ್ಲ.

ಈ ಹಟ ಕೆಲಸದ ಜಾಗಕ್ಕೂ ನನ್ನ ಬೆನ್ನು ಹತ್ತಿತು. ಗಾಜಿನ ಕೋಣೆಯಲ್ಲಿ ಕೂತು, ಗಾಡಿಗಳ ನಡುವಿನ ಬಿಡುವಿನಲ್ಲಿ ಮಾವನಿಗೆ ಹೇಳಿಕೊಡಬೇಕಾದ ಸಂಜೆಯ ಪಾಠ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. "ಕ್ವಿಲ್ಶೇ. ನಿಧಾನವಾಗಿ... ಕ್ವಿಲ್... ಶೇ." ಮೈಕ್ ಆಫ್ ಮಾಡುವುದೇ ಮರೆತುಹೋಗಿತ್ತು! ಸ್ಟೇಷನ್ ಮಾಸ್ಟರ್ ಬಾಗಿಲಲ್ಲಿ ಬಂದು ನಿಂತರು.

"ಕ್ವಿಲ್ಶೇ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಅಂತ ಜನ ಕೇಳ್ತಿದಾರೆ. ನಿಧಾನವಾಗಿ ಬೇರೆ ಹೋಗುತ್ತಂತೆ. ಏನು ಹೇಳಲಿ?"

"ಸರ್, ಅದು ಚಾಕೊಲೇಟು."

"ಹಾಗಾದ್ರೆ ಮನೆಗೆ ಹೋಗಿ ತಿನ್ನಿ. ಇವತ್ತಿಗೆ ಸಾಕು."

ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಅಪ್ಪನನ್ನು ಒಪ್ಪಿಸಿದಳು. "ಬೇಗ ಬಂದಿದ್ದು ಒಳ್ಳೇದಾಯ್ತು. ಅಪ್ಪನ್ನ ಅಂಗಡಿವರೆಗೆ ಕರ್ಕೊಂಡು ಹೋಗಿ, ಆ ಚಾಕೊಲೇಟ್ ಕೊಡಿಸ್ಕೊಂಡು ಬನ್ನಿ. ದಾರೀಲಿ ಪಾಠ ಬೇಡ."

ಮೂಲೆಯಲ್ಲಿ ಹೊಸ ಅಂಗಡಿ. ಮಾವ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ನಿಂತರು. ನಾನು ಗಂಟಲು ಸರಿಮಾಡಿಕೊಂಡು, "ಒಂದು ಕ್ವಿಲ್ಶೇ ಕೊಡಿ," ಎಂದೆ.

"ಔಷಧಿನಾ? ಪಕ್ಕದ ಅಂಗಡೀಲಿ ಕೇಳಿ."

"ಔಷಧಿಯಲ್ಲ. ಕ್ವಿಲ್. ಶೇ."

"ಸೊಳ್ಳೆ ಬತ್ತಿನಾ?"

ಮಾನ ಹೋಗುವ ಹೊತ್ತು! ಸ್ಪೆಲ್ಲಿಂಗ್ ಹೇಳತೊಡಗಿದೆ. ಮೊದಲ ಅಕ್ಷರ ಇದೆ, ಆದರೆ ಇಲ್ಲ ಅಂದುಕೊಳ್ಳಿ ಎಂದೆ. ಕೊನೆಯ ಮೂರನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದೆ. ಗಾಜಿನ ಮೇಲೆ ಬೆರಳಲ್ಲಿ ಬರೆದೆ. ಹಿಂದೆ ನಿಂತವರು ಕೆಮ್ಮಿದರು. ಅಂಗಡಿಯವನು ನನ್ನ ತುಟಿಯನ್ನೇ ನೋಡುತ್ತಾ, ಕಿವಿ ಕೇಳಿಸದವರ ಜತೆ ಮಾತಾಡುವ ಹಾಗೆ ಕೈಸನ್ನೆ ಶುರುಮಾಡಿದ.

ಅಷ್ಟರಲ್ಲಿ ನನ್ನ ತೋಳು ಹಿಡಿದಿದ್ದ ಕೈ ಬಿಗಿಯಾಯಿತು.

"ಗುಲ್ಚಿ," ಎಂದರು ಮಾವ.

"ಓ, ಗುಲ್ಚಿನಾ! ಹಾಗನ್ನಿ ಯಜಮಾನರೇ," ಎಂದು ಅಂಗಡಿಯವನು ಕೆಂಪು ಕಾಗದದ್ದನ್ನು ತೆಗೆದು ಅವರ ಕೈಗಿಟ್ಟ. ಆಮೇಲೆ ದನಿ ತಗ್ಗಿಸಿ, ನನ್ನ ಕಡೆ ಕತ್ತು ಹೊರಳಿಸಿ ಕೇಳಿದ. "ಇವರು ಯಾರು?"

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಂದೊಂದೇ ಮಾತನ್ನು ಒಳಗಿನಿಂದ ಎತ್ತಿ ತಂದು ಇಟ್ಟರು.

"ನಮ್ಮ... ಅಳಿಯಂದ್ರು. ಪಾಪ... ಮಾತು... ಸರಿಯಾಗಿ ಬರಲ್ಲ."

"ಯೋಚನೆ ಮಾಡ್ಬೇಡಿ ಸಾರ್, ನಿಧಾನಕ್ಕೆ ಬರುತ್ತೆ," ಎಂದು ಅಂಗಡಿಯವನು ನನಗೆ ಧೈರ್ಯ ಹೇಳಿದ.

ನನಗೆ ನಗು ಬಂತು, ಕಣ್ಣಲ್ಲಿ ನೀರು ಬಂತು. ಮಾತು ಮಾತ್ರ ಬರಲಿಲ್ಲ.