ಮಾವನ ಕಾರಿಗೆ ಆರು ಸಿಲಿಂಡರು

ಬಾಗಿಲಿಗೆ 'ಪ್ರೊಫೆಸರ್, ಮೆಕ್ಯಾನಿಕಲ್ ಎಂಜಿನಿಯರಿಂಗ್' ಎಂದು ಬೋರ್ಡು ಹಾಕಿಕೊಂಡವನಿಗೆ ನೆಮ್ಮದಿ ಅನ್ನುವುದು ಇರುವುದಿಲ್ಲ. ದೆಹಲಿಯ ದ್ವಾರಕಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಯಾರ ಮಿಕ್ಸಿ ಕೆಟ್ಟರೂ, ಯಾರ ಕುಕ್ಕರು ಕೂಗದಿದ್ದರೂ ಬೆಲ್ಲು ಬಾರಿಸುವುದು ನಮ್ಮ ಮನೆಯದೇ. ಇಪ್ಪತ್ತು ವರ್ಷ ಎಂಜಿನ್ ಪಾಠ ಮಾಡಿದ್ದೆನೇ ಹೊರತು ಒಂದು ಸ್ಪಾರ್ಕ್ ಪ್ಲಗ್ಗನ್ನೂ ಕೈಯಾರೆ ಬಿಚ್ಚಿದವನಲ್ಲ. ಆ ಗುಟ್ಟು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ದ್ವಾರಕಾಕ್ಕೆ ಮೆಟ್ರೊ ಹೊಸದಾಗಿ ಬಂದಿದ್ದ ವರ್ಷ ಮಿಕ್ಸಿ, ಕುಕ್ಕರು ಎಲ್ಲ ಮುಗಿದು ಕಾರೇ ಬಂತು.

ಕೈ ಎತ್ತಿದರೆ ಸಾಕು

ನಮ್ಮ ಮೇಲಿನ ಮನೆಯವರು ಕೊಡಗಿನ ನಿವೃತ್ತ ಕರ್ನಲ್ಲರು. ಮಾವ ಬಿಟ್ಟುಹೋದ ಐವತ್ತು ವರ್ಷದ ವಿಲಾಯಿತಿ ಕಾರೊಂದು ಅವರ ಬಳಿ ಇತ್ತು. ಮಡಿಕೇರಿಯಲ್ಲಿದ್ದಾಗ ಅದಕ್ಕೆ ಇಳಿಜಾರಿನಲ್ಲಿ ಉರುಳಿಕೊಂಡೇ ಸ್ಟಾರ್ಟಾಗುವ ಅಭ್ಯಾಸ. ದ್ವಾರಕಾ ನೋಡಿದರೆ ತಟ್ಟೆಯ ಹಾಗೆ ಸಪಾಟು. ಹಾಗಾಗಿ ಇಲ್ಲಿ ಜನ ತಳ್ಳಬೇಕಿತ್ತು.

ಬೆಳಿಗ್ಗೆ ಕರ್ನಲ್ಲರು ಒಳಗೆ ಕೂತು ಕಿಟಕಿಯಿಂದ ಬಲಗೈ ಎತ್ತಿದರೆ ಸಾಕು, ಗೇಟಿನ ಗಾರ್ಡ್ ಸೀಟಿ ಊದುತ್ತಿದ್ದ. ಹಾಲಿನ ಭಯ್ಯಾ, ಪೇಪರಿನ ಭಯ್ಯಾ, ವಾಕಿಂಗಿಗೆ ಹೊರಟ ಸೊಸೈಟಿ ಸೆಕ್ರೆಟರಿ, ಎಲ್ಲರೂ ಓಡಿಬಂದು ಹಿಂದೆ ಹೆಗಲು ಕೊಡುತ್ತಿದ್ದರು. ಒಂದು ಭಾನುವಾರ ಎದುರು ಬಾಲ್ಕನಿಯವರು ನಮಸ್ಕಾರ ಎಂದರು, ಕರ್ನಲ್ಲರು ಪ್ರತಿಯಾಗಿ ಕೈ ಎತ್ತಿದರು. ಸೀಟಿ ಮೊಳಗಿತು. ಮುಖ್ಯರಸ್ತೆ ಮುಟ್ಟುವ ತನಕ ತಳ್ಳುವವರು ಬಿಡಲಿಲ್ಲ.

ಪಾಪ, ಕರ್ನಲ್ಲರು ಲುಂಗಿ ಉಟ್ಟು ಸೀಟು ಒರೆಸಲು ಕೂತಿದ್ದವರು!

ಉಸ್ತಾದನ ಗೇಣು

ಕರ್ನಲ್ಲರ ಮಗಳ ಮದುವೆಗೆ ಮೂರು ತಿಂಗಳಿರುವಾಗ ಎಂಜಿನ್ನಿನ ಸರಳೊಂದು ಮುರಿದು, ಪಕ್ಕೆಯನ್ನೇ ತೂತು ಮಾಡಿಕೊಂಡು ಹೊರಗೆ ಬಂತು. ಅದಕ್ಕೆ ಬಿಡಿಭಾಗ ಈಗ ಭೂಮಿಯ ಮೇಲೇ ಇಲ್ಲ. ದೆಹಲಿಯಲ್ಲೇ ಬೆಳೆದ ಮಗಳ ಹಟ ಮಾತ್ರ ಒಂದೇ: "ಪಪ್ಪಾ, ಮಂಟಪಕ್ಕೆ ನಾನು ತಾತನ ಕಾರಲ್ಲೇ ಜಾವೂಂಗಿ, ಅಷ್ಟೇ!"

ಮಡಿಕೇರಿಯಿಂದ ಕರ್ನಲ್ಲರ ಅತ್ತೆಯ ಫೋನು ಬಂತು. "ಅದು ಅವರ ಕೈಯಾಡಿದ ಎಂಜಿನ್. ಬದಲಾಯಿಸಿದ್ರೋ, ಕಾರು ವಾಪಸ್ ಇಲ್ಲಿಗೆ, ನನ್ನ ಮಗನಿಗೆ." ಆ ಮಗ ತನ್ನ ಹಳೇ ಜೀಪಿನಲ್ಲಿ ಕೋಳಿ ಸಾಕಿದ್ದವನು. ಗಡಿಯಲ್ಲಿ ಗುಂಡಿಗೆ ಹೆದರದ ಕರ್ನಲ್ಲರು ಅತ್ತೆಯ ಫೋನಿಗೆ ಎದ್ದು ನಿಂತೇ "ಸರಿ ಅಮ್ಮ" ಎಂದರು. ಫೋನಿಟ್ಟು ನನ್ನ ಕಡೆ ತಿರುಗಿದರು. "ಪ್ರೊಫೆಸರ್, ಎಂಜಿನ್ ಬದಲಾಗ್ಲೇಬೇಕು. ಅತ್ತೆಗೆ ಗೊತ್ತಾಗ್ಬಾರ್ದು. ನನಗೆ ಕಾರೂ ಬೇಕು, ಮಗಳ ನಗುವೂ ಬೇಕು."

ಮಾಯಾಪುರಿಯ ಗುಜರಿ ಬಜಾರಿನಲ್ಲಿ, ಹಿಂಬದಿ ಜಜ್ಜಿಹೋದ ಹೊಸ ಕಾರೊಂದರ ಆರು ಸಿಲಿಂಡರಿನ ಎಂಜಿನ್ ಸಿಕ್ಕಿತು. ಹಳೆಯದಕ್ಕೆ ಇದ್ದದ್ದು ನಾಲ್ಕೇ ಸಿಲಿಂಡರು. ಹೊಸದು ಉದ್ದ. ನಾನು ಎರಡು ರಾತ್ರಿ ಲೆಕ್ಕ ಹಾಕಿ, ನಕ್ಷೆ ಬರೆದು, "ಒಂದು ಅಂಗುಲ ಉಳಿದು ಸರಿಯಾಗಿ ಕೂರುತ್ತೆ" ಎಂದೆ. ಮೆಕ್ಯಾನಿಕ್ ಉಸ್ತಾದ್ ನಕ್ಷೆಯ ಮೇಲೆ ಚಹಾದ ಗ್ಲಾಸಿಟ್ಟು, ಗೇಣು ಹಾಕಿ ಅಳೆದು, "ನಾಲ್ಕು ಬೆರಳಷ್ಟು ಜಾಗ ಕಮ್ಮಿ ಬೀಳುತ್ತೆ" ಎಂದ. ನನಗೆ ರೇಗಿತು. ಪದವಿಗಳ ಪಟ್ಟಿ ಒಪ್ಪಿಸಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

"ಅಚ್ಛಾ, ಪ್ರೊಫೆಸರ್ ಸಾಬ್. ನಕ್ಷೆಯಲ್ಲಿ ರೇಡಿಯೇಟರಿನ ಫ್ಯಾನ್ ಇಲ್ಲವಲ್ಲ? ನೀವೇ ಬಾನೆಟ್ಟಿನ ಮೇಲೆ ಕೂತು ಬೀಸಣಿಗೆ ಬೀಸ್ತೀರಾ?"

ಗಟ್ಟಿ ಟೇಬಲ್ಲು

ಉಸ್ತಾದ್ ಫ್ಯಾನನ್ನು ರೇಡಿಯೇಟರಿನ ಮುಂದಕ್ಕೆ ದಾಟಿಸಿ ಎಂಜಿನ್ ಕೂರಿಸಿಯೇ ಬಿಟ್ಟ. ಪುಸ್ತಕದ ಬದನೆಕಾಯಿ ಅಡುಗೆಗೆ ಬರುವುದಿಲ್ಲ ಎಂದು ನಾನು ಒಪ್ಪಿಕೊಂಡೆ. ಆದರೆ ಹಳೇ ಎಂಜಿನ್ನನ್ನು ಗುಜರಿಗೆ ಹಾಕಲು ಕರ್ನಲ್ಲರ ಹೆಂಡತಿ ಒಪ್ಪಲಿಲ್ಲ. ಅಪ್ಪನ ನೆನಪು ಎಂದು ಕಣ್ಣೀರು ಹಾಕಿದರು. ಕೊನೆಗೆ ಆರು ಜನ ಹೊತ್ತು ಅದನ್ನು ಅವರ ಬಾಲ್ಕನಿಗೆ ಸಾಗಿಸಿದರು. ಮೇಲೊಂದು ಹಲಗೆ, ಹಲಗೆಯ ಮೇಲೆ ನೆಲದ ತನಕ ಇಳಿಬಿದ್ದ, ಕಸೂತಿ ಹಾಕಿದ ಬಟ್ಟೆ.

ಮದುವೆಗೆ ನಾಲ್ಕು ದಿನ ಮೊದಲು ಮಡಿಕೇರಿಯಿಂದ ಆ ಅತ್ತೆ, ಮದುಮಗಳ ಅಜ್ಜಿ, ಬಂದರು. ಎಂಬತ್ತೆರಡು ವಯಸ್ಸು. ಅಡುಗೆಮನೆಯಲ್ಲಿ ಹಾಲು ಉಕ್ಕುವುದು ಬಾಲ್ಕನಿಯಲ್ಲಿ ಕೂತವರಿಗೆ ಕೇಳಿಸುವಷ್ಟು ಚುರುಕು ಕಿವಿ. ಕಾಫಿ ಲೋಟವನ್ನು ಆ ಹಲಗೆಯ ಮೇಲೇ ಇಟ್ಟು, "ಅವರ ಎಂಜಿನ್ ಹೇಗಿದೆ?" ಎಂದು ಅಳಿಯನನ್ನು ಕೇಳಿದರು.

"ಮನೇಲೇ ಇಟ್ಕೊಂಡ ಹಾಗೆ ನೋಡ್ಕೋತಾ ಇದ್ದೀನಮ್ಮ" ಎಂದರು ಕರ್ನಲ್ಲರು. ನನಗೆ ಕಾಫಿ ನೆತ್ತಿಗೇರಿತು.

ಅಜ್ಜಿ ಹಲಗೆ ತಟ್ಟಿ ನೋಡಿದರು. "ಈ ಟೇಬಲ್ ಚೆನ್ನಾಗಿದೆ. ಈಗಿನ ಸಾಮಾನಿನ ಹಾಗೆ ಅಲ್ಲಾಡೋದೇ ಇಲ್ಲ!"

ಸದ್ದಿಲ್ಲದ ಸಂಕಟ

ಹಳೇ ಎಂಜಿನ್ ಹೊರಟರೆ ಮೂರು ಬ್ಲಾಕಿನ ಪಾರಿವಾಳ ಹಾರುತ್ತಿದ್ದವು. ಹೊಸದು ನಡೆಯುತ್ತಿದೆಯೋ ಇಲ್ಲವೋ ಎಂದು ನನಗೇ ತಿಳಿಯದೆ ಎರಡು ಸಲ ಕೀ ತಿರುಗಿಸಿ ಬೈಸಿಕೊಂಡಿದ್ದೆ. ಅಜ್ಜಿ ಒಳಗೆ ಕೂತರೆ ಕಥೆ ಮುಗಿದಂತೆಯೇ. ಉಸ್ತಾದ್ ಒಂದು ಡಬ್ಬಕ್ಕೆ ಬೋಲ್ಟು ತುಂಬಿ ಸೈಲೆನ್ಸರಿಗೆ ಕಟ್ಟಿದ. ಪರೀಕ್ಷೆಗೆಂದು ಒಂದು ಸುತ್ತು ಹೊರಟರೆ ಸೆಕ್ಟರಿನ ನಾಯಿಗಳೆಲ್ಲ ಬೆನ್ನು ಹತ್ತಿದವು. "ಇದು ಮಗಳ ಮದುವೆಯೋ, ಗುಜರಿ ಕಬಾಡಿವಾಲಾನ ಮೆರವಣಿಗೆಯೋ?" ಎಂದು ಕರ್ನಲ್ಲರು ಡಬ್ಬ ಕಿತ್ತೆಸೆದರು.

ಮದುವೆಯ ದಿನ ಬಂತು. ಮಂಟಪ ಚಾಣಕ್ಯಪುರಿಯಲ್ಲಿ. ಎಂಜಿನ್ ನನಗೆ ಗೊತ್ತು ಎಂಬ ತಪ್ಪು ತಿಳಿವಳಿಕೆಯಿಂದ ನನ್ನನ್ನೇ ಓಡಿಸಲು ಕೂರಿಸಿದರು. ಹಿಂದೆ ಮದುಮಗಳು, ಅವಳ ಪಕ್ಕದಲ್ಲಿ ಅಜ್ಜಿ. ಕೀ ತಿರುಗಿಸಿದೆ. ಎಂಜಿನ್ ಶುರುವಾಯಿತು, ಇಲಿ ಕೆಮ್ಮಿದಷ್ಟೂ ಸದ್ದಿಲ್ಲ.

"ಯಾಕೆ, ಸ್ಟಾರ್ಟ್ ಆಗ್ಲಿಲ್ವಾ?" ಎಂದರು ಅಜ್ಜಿ.

ಆಯಿತು ಎಂದರೆ ಕಾರು ಕೋಳಿಗಳ ಪಾಲು. ಆಗಲಿಲ್ಲ ಎಂದರೆ ಕೂತೇ ಇರಬೇಕು. ಕನ್ನಡಿಯಲ್ಲಿ ಮದುಮಗಳ ಮುಖ ಬಿಳಿಚಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ಕರ್ನಲ್ಲರು 'ಏನಾಯ್ತು?' ಎಂದು ಹುಬ್ಬು ಹಾರಿಸಿದರು. ಗಾಬರಿಯಲ್ಲಿ 'ತಡೀರಿ' ಎನ್ನಲು ನಾನು ಕಿಟಕಿಯಿಂದ ಬಲಗೈ ಎತ್ತಿದೆ.

ಗಾರ್ಡ್ ಸೀಟಿ ಊದಿದ.

ಹಾಲಿನ ಭಯ್ಯಾ ಕ್ಯಾನು ಇಳಿಸಿ ಓಡಿಬಂದ. ಪೇಪರಿನವನು ಸೈಕಲ್ ಬೀಳಿಸಿ ಬಂದ. ಸೆಕ್ರೆಟರಿ ಬಂದರು. ಅವರನ್ನು ನೋಡಿ ಕೊಡಗಿನಿಂದ ಬಂದ ಮದುಮಗಳ ಆರು ಜನ ಮಾವಂದಿರು, ಕರಿ ಕುಪ್ಯದ ನಿಲುವಂಗಿ ತೊಟ್ಟು ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡವರು, "ಚಲೋ, ಚಲೋ!" ಎಂದು ಹೆಗಲು ಕೊಟ್ಟರು. ನನ್ನ ಕಾಲು ಬ್ರೇಕಿನ ಮೇಲೇ ಇತ್ತು. "ಬ್ರೇಕ್ ಬಿಡ್ರೀ ಪ್ರೊಫೆಸರ್!" ಎಂದು ಹಿಂದಿನಿಂದ ಒಂಬತ್ತು ಗಂಟಲು ಕೂಗಿದವು. ಬೆದರಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದೆ. ಆರೂ ಸಿಲಿಂಡರು ಒಟ್ಟಿಗೆ ಎಚ್ಚರಾದವು. ಕಾರು ಚಂಗನೆ ಗೇಟು ದಾಟಿತು. ಕನ್ನಡಿಯಲ್ಲಿ ನೋಡಿದರೆ ಒಂಬತ್ತೂ ಜನ ಸಾಲಾಗಿ ಅಂಗಾತ, ಗಾಳಿಯಲ್ಲೊಂದು ಪೇಟ.

ಅಜ್ಜಿ ಸೀಟಿಗೆ ಒರಗಿ ಕಣ್ಣೊರೆಸಿಕೊಂಡರು. "ಅಳಿಯ ಮಾತು ಉಳಿಸ್ಕೊಂಡ. ಅದೇ ಎಂಜಿನ್!"

ಮದುಮಗಳು ಮೆಲ್ಲಗೆ ಕೇಳಿದಳು, "ನಿಮಗೆ ಕೈಸೇ ಗೊತ್ತಾಯ್ತು, ಅಜ್ಜಿ?"

"ಗೊತ್ತಾಗದೆ ಏನೇ? ಮಡಿಕೇರೀಲಿ ನಿಮ್ಮ ತಾತ ರಾಜನ ಹಾಗೆ ಒಳಗೆ ಕೂತಿರೋರು. ಇಳಿಜಾರಿನ ತನಕ ದಿನಾ ತಳ್ತಿದ್ದೋಳು ನಾನೇ!"