ಬೇಲಿ ದಾಟಿ ಬಂದ ನೊಣಗಳ ಕುರಿತು ಉತ್ತಮರಾವ್ ಅವರಿಗೆ

ಐನಾಪುರದ ಹೊರಗೆ ಹಳ್ಳದ ದಂಡೆಯ ಮೇಲೆ ಆರು ಸಾವಿರ ಬಾಯ್ಲರ್ ಕೋಳಿಗಳ ಒಡೆಯರೂ, ಅದರ ನೂರು ಪಟ್ಟು ನೊಣಗಳ ಪೋಷಕರೂ ಆದ ಉತ್ತಮರಾವ್ ಅವರಿಗೆ, ಪಕ್ಕದ ದ್ರಾಕ್ಷಿ ತೋಟದ ತವನಪ್ಪನು ಒಂದು ಕೈಯಿಂದ ನೊಣ ಓಡಿಸುತ್ತ, ಇನ್ನೊಂದು ಕೈಯಿಂದ ಬರೆಯುತ್ತ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಶೆಡ್ಡು ಏಳುವ ಮೊದಲು ನಮ್ಮ ಮನೆಗೆ ಬಂದ ನೆಂಟರು ಹದಿನೈದು ದಿನವಾದರೂ ಕದಲುತ್ತಿರಲಿಲ್ಲ. ಈಗ ಬಂದವರು ಚಹಾದ ಕಪ್ಪಿಗೆ ಬಸಿ ಮುಚ್ಚಿ, ಬಸಿ ಎತ್ತಿ ಒಂದು ಗುಟುಕು ಕುಡಿದು, ಮತ್ತೆ ಮುಚ್ಚಿ, ಕಾಗವಾಡದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ. ಬರುವವರೆಲ್ಲ ನನ್ನ ಕಡೆಯವರೇ ಆದ್ದರಿಂದ ನನ್ನ ಹೆಂಡತಿ ಚಂದ್ರಮತಿ ಈ ಉಪಕಾರಕ್ಕಾಗಿ ತಮಗೆ ಋಣಿಯಾಗಿದ್ದಾಳೆ. ನಾನು ಮಾತ್ರ ಅಷ್ಟು ಋಣಿಯಲ್ಲ. ನಮ್ಮ ಜಾಳಿಗೆಯ ಮೇಲೆ ಒಣಗುವ ದ್ರಾಕ್ಷಿಯ ಮಣೂಕ ಯಾವುದು, ತಮ್ಮ ನೊಣ ಯಾವುದು ಎಂದು ತಿಳಿಯಲು ಈಗ ಊದಿಯೇ ನೋಡಬೇಕು. ಹಾರಿದ್ದು ನೊಣ, ಉಳಿದದ್ದು ಮಣೂಕ.

ಫೆಬ್ರುವರಿಯಲ್ಲಿ ಈ ವಿಷಯ ಹೇಳಲು ತಮ್ಮ ಗೇಟಿಗೆ ಬಂದಾಗ, ನೀರಿನ ನಳಗಳು ಸೋರಿ ಕೋಳಿಗಳ ಕೆಳಗೆ ಹಾಸಿದ ಭತ್ತದ ಹೊಟ್ಟು ತೋಯ್ದು ನಾರುತ್ತಿತ್ತು, ಶೆಡ್ಡಿನ ಹಿಂದೆ ಗೊಬ್ಬರದ ರಾಶಿ ತಮ್ಮ ತಲೆಗಿಂತ ಎತ್ತರವಾಗಿತ್ತು. ತಾವು ಬಹಳ ವಿನಯದಿಂದ, "ತವನಪ್ಪಣ್ಣಾ, ನಾ ಕೋಳಿ ಸಾಕೇನಿ. ನೊಣಾ ತಾವ ಬಂದಾವು. ಅದಕ್ಕ ನಾ ಏನ್ ಮಾಡ್ಲಿ ಹೇಳ್ರಿ" ಎಂದಿರಿ. ಆ ಮಾತಿಗೆ ಮಣಿದು, ತಮ್ಮ ಕಡೆಯಿಂದ ಬೀಸುವ ಗಾಳಿಗೆ ಹೊಳೆ ದಾಟಿ ಮಿರಜದ ಕಡೆ ಹೋಗುವಂತೆ ಅಪ್ಪಣೆ ಕೊಡಿಸಬೇಕೆಂದೂ, ನೊಣಗಳು ನಮ್ಮ ಊಟ ಮುಗಿದ ಮೇಲೆಯೇ ಬರುವಂತೆ ಅವುಗಳಿಗೆ ತಿಳಿಹೇಳಬೇಕೆಂದೂ ಪ್ರಾರ್ಥಿಸಿ ಹಿಂದಿರುಗಿದೆ.

ಮಾರ್ಚಿನಲ್ಲಿ ತಮ್ಮ ಕೋಳಿಗಳು ಸಾಯತೊಡಗಿದವು. ದಿನಾ ಮುಂಜಾನೆ ತಾವು ಒಂದು ಚೀಲ ತಂದು ಹಳ್ಳಕ್ಕೆ ಸುರಿದು ಹೋಗುತ್ತಿದ್ದಿರಿ. ಊರ ನಾಯಿಗಳು ಅದನ್ನು ಜಾತಿಭೇದವಿಲ್ಲದೆ ಎಲ್ಲರ ಅಂಗಳಕ್ಕೂ ಹಂಚುತ್ತಿದ್ದವು, ನಮ್ಮ ದನದ ಕೊಟ್ಟಿಗೆಗೂ ಒಂದು ಪಾಲು ಬಂತು. ಕೇಳಿದವರಿಗೆಲ್ಲ ತಮ್ಮದು ಒಂದೇ ಉತ್ತರ: "ಬಿಸಲಿಗೆ ಸಾಯಾಕತ್ತಾವ್ರಿ."

ನಮ್ಮ ಬದುವಿನ ಆಚೆ ಮನೆಯಿರುವ, ನಮ್ಮ ತೋಟದಲ್ಲಿ ಬಳ್ಳಿ ಕಟ್ಟುವ ಕೆಲಸಕ್ಕೆ ಬರುವ ಮಲಕವ್ವನನ್ನು ತಾವು ಬಲ್ಲಿರಿ. ಅವಳ ಹತ್ತಿರ ಹನ್ನೊಂದು ಜವಾರಿ ಕೋಳಿಗಳಿದ್ದವು. ಅವು ಬಾಯಿ ತೆರೆದು ಉಸಿರು ಎಳೆಯುತ್ತ, ಕತ್ತು ತಿರುಚಿಕೊಂಡು ಬೀಳತೊಡಗಿ, ಮೂರೇ ದಿನದಲ್ಲಿ ಒಂಬತ್ತು ಸತ್ತವು. ಮಲಕವ್ವ ಅಳಲಿಲ್ಲ, ಯಾರ ಬಾಗಿಲಿಗೂ ಜಗಳಕ್ಕೆ ಹೋಗಲಿಲ್ಲ. ಕೊನೆಗೆ ಸತ್ತ ಬೂದು ಬಣ್ಣದ ಹೇಂಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ದನದ ದವಾಖಾನೆಗೆ ಹೋಗಿ, ಉಜ್ವಲಾ ಡಾಕ್ಟರ ಮೇಜಿನ ಮೇಲೆ ಇಟ್ಟು ಹೇಳಿದಳಂತೆ: "ಬಿಸಲಿಗೆ ಸತ್ತೈತಿ ಅಂತಾರ್ರಿ. ನನ್ನ ಕೋಳಿ ಹುಟ್ಟಿದಾಗಿಂದ ಬಿಸಲಾಗ ಅದಾವು. ಒಂದೂ ಸತ್ತಿದ್ದಿಲ್ಲ."

ಮರುದಿನ ಡಾಕ್ಟರು ಮಲಕವ್ವನ ಜೊತೆ ಬಂದು ತಮ್ಮ ಶೆಡ್ಡು ನೋಡಿ, ಹಳ್ಳ ನೋಡಿ, ಇದು ಕೊಕ್ಕರೆ ರೋಗದಂತೆ ಕಾಣುತ್ತದೆ ಎಂದರು. ಆಮೇಲೆ ಬಂದ ಲ್ಯಾಬಿನ ವರದಿಯೂ ಅದನ್ನೇ ಹೇಳಿತು. ಸತ್ತ ಕೋಳಿಯಿಂದ, ಹಿಕ್ಕೆಯಿಂದ, ಮೆಟ್ಟಿದ ಚಪ್ಪಲಿಯಿಂದಲೂ ಈ ರೋಗ ಹರಡುತ್ತದೆ ಎಂದು ಅವರು ತಮಗೆ ಹೇಳುತ್ತಿದ್ದಾಗ, ನಾನು ಹಿಂದೆ ನಿಂತು ಪ್ರತಿ ಮಾತಿಗೂ "ಹೌದ್ರಿ, ಹೌದ್ರಿ" ಎನ್ನುತ್ತಿದ್ದೆ. ನೊಣಗಳು ಬಂದ ಮೇಲೆ ನನಗೆ ಅಷ್ಟು ಸುಖ ಎಂದೂ ಆಗಿರಲಿಲ್ಲ.

ಆಗ ಮಲಕವ್ವ ಮೆಲ್ಲಗೆ, "ನನ್ನ ಕೋಳಿ ಹಳ್ಳಕ್ಕ ಹೋಗೂದಿಲ್ರಿ. ಇಡೀ ದಿನಾ ಈ ಸಾವ್ಕಾರ್ರ ತೋಟದ ಗೊಬ್ಬರದ ರಾಶಿ ಕೆದರಕೋತ ಇರ್ತಿದ್ದುವು" ಎಂದಳು.

ನನ್ನ ಹೌದ್ರಿ ಅಲ್ಲಿಗೆ ನಿಂತಿತು. ಫೆಬ್ರುವರಿಯಲ್ಲಿ ತಮ್ಮ ಮೇಲೆ ದೂರು ಹೇಳಿದ ನಾನೇ, ಮಾರ್ಚಿನಲ್ಲಿ ತಮ್ಮ ಶೆಡ್ಡಿನ ಹಿಂದಿನಿಂದ ಎರಡು ಟ್ರೇಲರ್ ಹಸಿ ಗೊಬ್ಬರ ಹೇರಿಸಿಕೊಂಡು ಬಂದು, ದ್ರಾಕ್ಷಿಗೆ ಬಹಳ ಚಲೋ ಎಂದು ತೋಟದ ಬದುವಿನಲ್ಲಿ ಬಯಲಿಗೆ ಸುರಿಸಿದ್ದೆ. ನನ್ನ ಅಡುಗೆಮನೆಯ ನೊಣಗಳಲ್ಲಿ ಎಷ್ಟು ತಮ್ಮವು, ಎಷ್ಟು ನನ್ನ ಸ್ವಂತದವು ಎಂಬುದು ಆ ದೇವರಿಗೇ ಗೊತ್ತು. ತಾವು ಆಗ ನಗಬಹುದಿತ್ತು. ನಗದೆ ನೆಲ ನೋಡಿದಿರಿ. ಅದನ್ನು ನಾನು ಮರೆತಿಲ್ಲ.

ಡಾಕ್ಟರು ಇಬ್ಬರನ್ನೂ ನೋಡಿ, "ಅವ್ರು ಸತ್ತ ಕೋಳಿ ಹಳ್ಳಕ್ಕ ಚೆಲ್ಲ್ಯಾರ, ನೀವು ಹಸಿ ಗೊಬ್ಬರಾ ಬಯಲಾಗ ಚೆಲ್ಲೀರಿ. ಇಬ್ಬರಿಗೂ ಒಂದೊಂದು ಗುದ್ದಲಿ ಬೇಕಾಗೇತಿ" ಎಂದರು.

ಹೀಗೆ ತಿಂಗಳಿಂದ ಮುಖ ಗಂಟಿಕ್ಕಿಕೊಂಡಿದ್ದ ನಾವಿಬ್ಬರು ಎರಡು ದಿನ ಕೂಡಿ ಗುಂಡಿ ತೋಡಿದೆವು. ಹಳ್ಳದಲ್ಲಿ ಬಿದ್ದದ್ದನ್ನೆಲ್ಲ ಆರಿಸಿ ತಂದು ಹಾಕಿ ಸುಣ್ಣ ಚೆಲ್ಲಿದೆವು, ನನ್ನ ರಾಶಿಯನ್ನು ಒಟ್ಟುಮಾಡಿ ತಾಡಪತ್ರಿ ಮುಚ್ಚಿ ಕಳಿಯಲು ಬಿಟ್ಟೆವು. ಅಷ್ಟರಲ್ಲಿ ತಮ್ಮ ಅರ್ಧ ಶೆಡ್ಡು ಖಾಲಿಯಾಗಿತ್ತು. ಗುಂಡಿಯ ದಂಡೆಯಲ್ಲಿ ಕೂತು ತಾವು, "ಅಣ್ಣಾ, ನನಗ ಮೊದಲನೇ ದಿನಾನ ಸಂಶಯ ಬಂದಿತ್ತು. ಹೇಳಾಕ ಅಂಜಿದೆ. ಹೇಳಿದ್ರ ನನ್ನ ಕೋಳಿ ಯಾರೂ ಒಯ್ಯೂದಿಲ್ಲ" ಎಂದಿರಿ. ನಾನು ಸುಣ್ಣದ ಬುಟ್ಟಿ ಮುಂದಕ್ಕೆ ಸರಿಸಿದೆ.

ಜೂನಿನಲ್ಲಿ ನಾವಿಬ್ಬರೂ ಅಥಣಿಯ ಸಂತೆಗೆ ಹೋಗಿ ಹನ್ನೆರಡು ಜವಾರಿ ಮರಿ ತಂದು ಮಲಕವ್ವನಿಗೆ ಕೊಟ್ಟೆವು. ಡಾಕ್ಟರು ಒಂದೊಂದರ ಕಣ್ಣಿಗೂ ಲಸಿಕೆಯ ಹನಿ ಬಿಟ್ಟರು. ಮಲಕವ್ವ ಮರಿಗಳನ್ನು ಒಂದೊಂದಾಗಿ ಎತ್ತಿ ನೋಡಿ, "ಸತ್ತವು ಇವಲ್ಲ ಬಿಡ್ರಿ. ಆದ್ರ ಇವೂ ಚಲೋ ಅದಾವು" ಎಂದಳು. ಅಷ್ಟು ಹಗುರವಾಗಿ ಬಿಡುಗಡೆ ಸಿಕ್ಕೀತೆಂದು ನಾವಿಬ್ಬರೂ ಅಂದುಕೊಂಡಿರಲಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ದೂರನ್ನು ಹಿಂದಕ್ಕೆ ಪಡೆಯುತ್ತಿಲ್ಲ, ಅದರಲ್ಲಿ ಅರ್ಧವನ್ನು ನನ್ನ ಹೆಸರಿಗೆ ಮಾಡಿಕೊಳ್ಳುತ್ತಿದ್ದೇನೆ. ಮುಂದಿನ ಸಲ ಮೊದಲ ಕೋಳಿ ಸತ್ತ ದಿನವೇ ತಾವು ಡಾಕ್ಟರಿಗೆ ಹೇಳಬೇಕು. ಹೇಳಲು ಅಂಜಿಕೆಯಾದರೆ ನನಗೆ ಹೇಳಿ, ನಾನು ಜೊತೆಗೆ ಬರುತ್ತೇನೆ.

ಅರ್ಧ ದೂರುದಾರ, ಅರ್ಧ ಅಪರಾಧಿ, ಪೂರ್ತಿಯಾಗಿ
ತಮ್ಮ ವಿಶ್ವಾಸಿ,
ತವನಪ್ಪ

ತಾ.ಕ.: ಒಳಗೆ ಬರುವವರು ಔಷಧಿ ನೀರಲ್ಲಿ ಕಾಲು ಅದ್ದಿ ಬರಲೆಂದು ಡಾಕ್ಟರು ತಮ್ಮ ಶೆಡ್ಡಿನ ಬಾಗಿಲಲ್ಲಿ ಕಟ್ಟಿಸಿದ ತೊಟ್ಟಿಗೆ ತಾವು ಮಣ್ಣು ತುಂಬಿ ಕೊತ್ತಂಬರಿ ಹಾಕಿರುವುದನ್ನು ನಿನ್ನೆ ನೋಡಿದೆ. ಬೆಳೆ ಸೊಗಸಾಗಿ ಬಂದಿದೆ. ನಾಳೆ ಡಾಕ್ಟರು ಬರುತ್ತಾರೆ, ಇವತ್ತೇ ಕಿತ್ತು ಒಂದು ಸೂಡು ನಮ್ಮ ಮನೆಗೂ ಕಳಿಸಿಕೊಡಬೇಕು.